ಎಣ್ಣೆ ಸವರಿದ ಕಂಬಿ

ಭಾನುವಾರ ಬೆಳಿಗ್ಗೆ ಗೇಟು ತಟ್ಟಿ, "ನಿಮ್ಮ ಬಾಲ್ಕನಿ ಮೇಲೆ ಒಟ್ಟಿಗೆ ತುಂಬಾ ಜನ ನಿಂತ್ಕೋಬೇಡಿ" ಎಂದು ಹೇಳುವ ಮುದುಕನನ್ನು ಯಾರು ತಾನೇ ಒಳಗೆ ಕರೆದು ಕುರ್ಚಿ ಹಾಕುತ್ತಾರೆ? ರಿಪೇರಿ ಕೆಲಸ ಹುಡುಕಿಕೊಂಡು ಬಂದವನಿರಬೇಕೆಂದು "ಸದ್ಯ ಏನೂ ಇಲ್ಲಪ್ಪ" ಎಂದು ಕದ ಮುಚ್ಚುವವರೇ ಹೆಚ್ಚು. ತಲೆ ಕೆಟ್ಟಿದೆ ಎಂದುಕೊಳ್ಳುವವರೂ ಇದ್ದಾರೆ. ಒಬ್ಬಾಕೆ ಮಾತ್ರ ಪೂರ್ತಿ ಕೇಳಿಸಿಕೊಂಡು, "ನಿಮಗೆ ಹೇಗೆ ಗೊತ್ತು?" ಎಂದಳು. "ನಿಮ್ಮನೆ ಕಂಬಿ ಕಟ್ಟಿದ್ದು ನಾನೇ ತಾಯಿ" ಎಂದ. ಆಮೇಲೆ ಆಕೆಯೂ ಕದ ಮುಚ್ಚಿದಳು. ತನ್ನ ಕೆಲಸವನ್ನು ಹೊಗಳಿಕೊಂಡು ತಿರುಗುವವರನ್ನು ಜನ ದಿನಾ ನೋಡುತ್ತಾರೆ, ನಂಬುತ್ತಾರೆ ಕೂಡ. ತಾನು ಮಾಡಿದ್ದು ಸರಿಯಿಲ್ಲ ಎಂದು ಮನೆ ಮನೆಗೆ ಹೋಗಿ ಹೇಳುವವನನ್ನು ಏನು ಮಾಡಬೇಕೆಂದು ಯಾರಿಗೂ ತಿಳಿಯುವುದಿಲ್ಲ.

ಕಸುಬಿನವರ ನಡುವೆ ಅವನು ಪಳಪಳ ಮೇಸ್ತ್ರಿ. ಮೂವತ್ತು ವರ್ಷ ಕಂಬಿ ಬಗ್ಗಿಸಿ, ಕಟ್ಟಿ, ಊರಿನ ಅರ್ಧ ಬೀದಿಗಳಿಗೆ ತಾರಸಿ, ಮೆಟ್ಟಿಲು, ಸಜ್ಜೆ, ಬಾಲ್ಕನಿಗಳ ಎಲುಬು ಹಾಕಿದವನು. ಆ ಹೆಸರು ಬಂದದ್ದು ಅವನ ಮೊದಲ ಸ್ವಂತ ಕೆಲಸದಲ್ಲಿ. ಕಂಬಿಯೆಲ್ಲ ಕಟ್ಟಿ ಮುಗಿಸಿ, ನಾಳೆ ಕಾಂಕ್ರೀಟು ಎನ್ನುವಾಗ ಸಿಮೆಂಟು ಸಿಗದೆ ಕೆಲಸ ಎರಡು ತಿಂಗಳು ನಿಂತುಹೋಯಿತು. ಅಷ್ಟರಲ್ಲಿ ಒಂದೆರಡು ಮಳೆ ಬಿದ್ದು ಕಂಬಿ ಕೆಂಪಗಾಯಿತು. ಮನೆ ಕಟ್ಟಿಸುತ್ತಿದ್ದವನು ಬಂದು ನೋಡಿದವನೇ, ನಾಲ್ಕು ಜನ ಗಾರೆಯವರ ಎದುರಿಗೆ, "ಏನಯ್ಯಾ ಇದು, ಗುಜರಿ ಅಂಗಡಿ ಮಾಲು ತಂದು ನನ್ನ ತಲೆ ಮೇಲೆ ಹಾಕ್ತಾ ಇದ್ದೀಯಾ?" ಎಂದು ಕೂಗಾಡಿದ. ಇಪ್ಪತ್ತೆರಡರ ಹರೆಯ, ಮರ್ಯಾದೆ ಮೂಗಿನ ತುದಿಯಲ್ಲೇ ಇರುವ ವಯಸ್ಸು. ಮೇಸ್ತ್ರಿ ತಂತಿ ಬ್ರಷ್ಷು ಹಿಡಿದು ಮೂರು ದಿನ ಒಂದೊಂದು ಕಂಬಿಯನ್ನೂ ಉಜ್ಜಿದ. ಮತ್ತೆ ತುಕ್ಕು ಹತ್ತದಿರಲಿ ಎಂದು ಗ್ಯಾರೇಜಿನಿಂದ ಒಂದು ಡಬ್ಬ ಸುಟ್ಟ ಆಯಿಲ್ ತಂದು, ಹಳೆ ಬಟ್ಟೆಯಲ್ಲಿ ಅದ್ದಿ, ಉದ್ದಕ್ಕೂ ಒರೆಸಿದ. ಕಂಬಿ ಬಿಸಿಲಿಗೆ ಪಳಪಳ ಹೊಳೆಯಿತು. ಕೂಗಾಡಿದ್ದ ಮನುಷ್ಯನೇ ಬಂದು ಬೆನ್ನು ತಟ್ಟಿದ.

ಮನುಷ್ಯನನ್ನು ಕೆಡಿಸಲು ಬೈಗುಳ ಬೇಕಿಲ್ಲ, ಬೆನ್ನು ತಟ್ಟುವುದೇ ಸಾಕು. ಅಲ್ಲಿಂದ ಮುಂದೆ ಮೇಸ್ತ್ರಿ ಹಿಡಿದ ಕೆಲಸದಲ್ಲೆಲ್ಲ ಉಜ್ಜುವುದೂ ಒರೆಸುವುದೂ ತಪ್ಪದ ರೂಢಿಯಾಯಿತು. ಮನೆ ಕಟ್ಟಿಸುವವರು ನೆಂಟರನ್ನು ಕರೆತಂದು ಅವನ ಕಂಬಿ ತೋರಿಸುತ್ತಿದ್ದರು. "ಈ ಮೇಸ್ತ್ರಿ ಎಣ್ಣೆ ಹೊಡೆಯಲ್ಲ, ಕಂಬಿಗೆ ಹೊಡೆಸ್ತಾನೆ" ಎಂದು ಜೊತೆಯವರು ನಗುತ್ತಿದ್ದರು. ಸಣ್ಣಪುಟ್ಟ ಮನೆಗಳು, ಅಲ್ಲಿ ಎಂಜಿನಿಯರು ಯಾರು ಬರುತ್ತಾರೆ, ಬಂದರೂ ನಕ್ಷೆಗೆ ಸಹಿ ಹಾಕಿ ಹೋಗುತ್ತಾರೆ. ಹಲ್ಲುದುರಿದ ಹಳೆಯ ಕೆಲಸಗಾರನೊಬ್ಬ ಮಾತ್ರ ಒಮ್ಮೆ ಹತ್ತಿರ ಬಂದು ಕಂಬಿ ಮುಟ್ಟಿ ನೋಡಿ, "ಸ್ವಲ್ಪ ಕೆಂಪು ಬಂದ್ರೆ ಬರ್ಲಿ ಬಿಡೋ. ಸಿಮೆಂಟಿಗೆ ಹಿಡ್ಕೊಳ್ಳೋಕೆ ಏನಾದ್ರೂ ಬೇಡ್ವಾ?" ಎಂದಿದ್ದ. "ಮೈಗಳ್ಳರ ಮಾತು" ಎಂದು ಮೇಸ್ತ್ರಿ ಅವನನ್ನು ಎಲ್ಲರೆದುರಿಗೆ ಗೇಲಿ ಮಾಡಿ ಕಳಿಸಿದ. ತಾನು ಪಟ್ಟ ಅವಮಾನವನ್ನೇ ಇನ್ನೊಬ್ಬನಿಗೆ ದಾಟಿಸಿದ್ದು ಅವನ ಗಮನಕ್ಕೂ ಬರಲಿಲ್ಲ.

ಅವನಿಗೆ ತನ್ನವರು ಅಂತ ಇದ್ದವಳು ಒಬ್ಬಳೇ ತಂಗಿ. ಅಪ್ಪ ಅಮ್ಮ ಬೇಗ ತೀರಿಕೊಂಡರು. ಅವಳಿಗೆ ಜಡೆ ಹಾಕುವುದನ್ನು ಕಲಿತದ್ದೂ, ಶಾಲೆಗೆ ಬಿಟ್ಟು ಕೆಲಸಕ್ಕೆ ಓಡಿದ್ದೂ, ಕೊನೆಗೆ ಗಂಡು ಹುಡುಕಿ ಮದುವೆ ಮಾಡಿದ್ದೂ ಇವನೇ. ಅವಳ ಮದುವೆಯ ಗಡಿಬಿಡಿಯಲ್ಲಿ ಇವನ ಮದುವೆಯ ವಯಸ್ಸು ಯಾವಾಗ ದಾಟಿತೋ ಯಾರೂ ನೋಡಲಿಲ್ಲ. ತಂಗಿಯ ಗಂಡ ಮರದ ಡಿಪೋದಲ್ಲಿ ಗುಮಾಸ್ತ, ಕೆಟ್ಟವನಲ್ಲ, ಆದರೆ ತಾನು ಹೇಳಿದ್ದೇ ಕೊನೆಯ ಮಾತಾಗಬೇಕು ಎನ್ನುವವನು. ಅವರು ಮಹಡಿ ಮನೆ ಕಟ್ಟಿದಾಗ ಕಂಬಿ ಕೆಲಸವನ್ನು ಮೇಸ್ತ್ರಿ ಕೂಲಿಯಿಲ್ಲದೆ ಹಿಡಿದ. ಮಹಡಿಯ ಮುಂದೆ ಒಂದು ಬಾಲ್ಕನಿ ಬೇಕು, ಅಲ್ಲಿ ಬೆಳಕಿನಲ್ಲಿ ಕೂತು ಹೊಲಿಯಬೇಕು ಎನ್ನುವುದು ತಂಗಿಯ ಆಸೆ.

ಆ ಬಾಲ್ಕನಿಯ ಕಂಬಿಯನ್ನು ಅವನು ಬೇರೆ ಯಾರಿಗೂ ಮುಟ್ಟಗೊಡಲಿಲ್ಲ. ಆಗಿನ್ನೂ ಗೀರಿಲ್ಲದ ನುಣ್ಣನೆಯ ಕಂಬಿಗಳ ಕಾಲ. ಒಂದೊಂದರ ತುದಿಗೂ ಕೊಕ್ಕೆ ಬಗ್ಗಿಸಿದ, ಅಳತೆ ತಪ್ಪದಂತೆ ಕಟ್ಟಿದ, ಬೇರೆ ಕಡೆ ಒಂದು ಸಲ ಒರೆಸುತ್ತಿದ್ದವನು ಇಲ್ಲಿ ಎರಡು ಸಲ ಒರೆಸಿದ. ತಂಗಿ ಸೆರಗು ಸಿಕ್ಕಿಸಿಕೊಂಡು ಬಂದು, "ಕೊಡಣ್ಣ, ಆ ಕಡೆದು ನಾನು ಒರೆಸ್ತೀನಿ" ಎಂದಳು. ಅಣ್ಣ ತಂಗಿ ಎದುರುಬದುರು ಕುಕ್ಕರುಗಾಲಲ್ಲಿ ಕೂತು, ಕೈಯೆಲ್ಲ ಕಪ್ಪು ಮಾಡಿಕೊಂಡು, ಹಳೆಯ ಕಥೆಗಳನ್ನು ಹೇಳಿಕೊಂಡು ನಗುತ್ತ ಇಡೀ ಮಧ್ಯಾಹ್ನ ಕಂಬಿಗೆ ಎಣ್ಣೆ ಸವರಿದರು. ಮೇಸ್ತ್ರಿಯ ಬದುಕಿನಲ್ಲಿ ಸುಖ ಎಂದು ಕರೆಯಬಹುದಾದ ದಿನಗಳು ಹೆಚ್ಚಿಲ್ಲ. ಅದೊಂದು ಇತ್ತು, ಅದೂ ಹಾಳಾಯಿತು.

ಐವತ್ತೈದಕ್ಕೆ ಮಂಡಿ ಕೈಕೊಟ್ಟಿತು. ಕುಕ್ಕರಿಸಲಾಗದ ಕಂಬಿಯವನಿಗೆ ಯಾರು ಕೆಲಸ ಕೊಡುತ್ತಾರೆ? ಪರಿಚಯದ ಕಂಟ್ರಾಕ್ಟರೊಬ್ಬ ಹೇಳಿಕೇಳಿ ಅವನನ್ನು ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿಗೆ ಸಹಾಯಕನನ್ನಾಗಿ ಸೇರಿಸಿದ. ಜಲ್ಲಿ ಜರಡಿ ಹಿಡಿಯುವುದು, ಅಚ್ಚಿಗೆ ಕಾಂಕ್ರೀಟು ತುಂಬುವುದು, ತೊಟ್ಟಿಯ ನೀರು ಬದಲಾಯಿಸುವುದು, ಮಿಷನ್ನು ಒರೆಸುವುದು. ಮಿಷನ್ನನ್ನು ಅವನು ಎಷ್ಟು ಒರೆಸುತ್ತಿದ್ದನೆಂದರೆ ಅಲ್ಲಿಯೂ ಅದೇ ಅಡ್ಡಹೆಸರು ಹಿಂಬಾಲಿಸಿಕೊಂಡು ಬಂತು.

ಲ್ಯಾಬಿನ ಮೇಡಂ ಹಳೆಯ ಕಟ್ಟಡಗಳ ಬಗ್ಗೆ ಏನೋ ಅಧ್ಯಯನ ಮಾಡುತ್ತಿದ್ದರು. ಒಂದು ದಿನ ಮೂರು ಬಗೆಯ ನುಣ್ಣನೆಯ ಕಂಬಿ ಬೇಕೆಂದರು: ತೆಳ್ಳಗೆ ತುಕ್ಕು ಹಿಡಿದದ್ದು, ಉಜ್ಜಿದ್ದು, ಎಣ್ಣೆ ತಾಗಿದ್ದು. ಒಂದೊಂದನ್ನೂ ಕಾಂಕ್ರೀಟಿನ ಅಚ್ಚಿನಲ್ಲಿ ನಿಲ್ಲಿಸಿ, ಇಪ್ಪತ್ತೆಂಟು ದಿನ ನೀರಲ್ಲಿಟ್ಟು, ಆಮೇಲೆ ಮಿಷನ್ನಿನಲ್ಲಿ ಕಂಬಿಯನ್ನು ಎಳೆದು ನೋಡುವುದು. ಎಣ್ಣೆಯ ಕಂಬಿಗಳನ್ನು ಮೇಸ್ತ್ರಿ ಎಷ್ಟು ಮುತುವರ್ಜಿಯಿಂದ ತಯಾರಿಸಿದನೆಂದು ಕೇಳಬೇಡಿ. ಮೀಸೆಯಡಿಯಲ್ಲೇ ನಗುತ್ತ, ಯಾವುದು ಗೆಲ್ಲುತ್ತದೆಂದು ವಿದ್ಯಾರ್ಥಿಗಳ ಜೊತೆ ಟೀ ಪಂದ್ಯವನ್ನೂ ಕಟ್ಟಿದ.

ತುಕ್ಕಿನ ಕಂಬಿ ಎರಡು ಟನ್ ಎಳೆತದ ಹತ್ತಿರ ಬರುವವರೆಗೂ ಜಗ್ಗಲಿಲ್ಲ. ಉಜ್ಜಿದ್ದು ಅದಕ್ಕಿಂತ ಸ್ವಲ್ಪ ಮೊದಲೇ ಸೋತಿತು. ಎಣ್ಣೆಯದನ್ನು ಮೇಸ್ತ್ರಿ ತಾನೇ ಸಿಕ್ಕಿಸಿದ. ಮುಳ್ಳು ಅರ್ಧ ಟನ್ ದಾಟಿತೋ ಇಲ್ಲವೋ, ಕಂಬಿ ಸದ್ದಿಲ್ಲದೆ ಜಾರತೊಡಗಿತು. ಮಿಷನ್ನು ನಿಲ್ಲಿಸಿದ ಮೇಲೆ ಒಬ್ಬ ವಿದ್ಯಾರ್ಥಿ ಎರಡು ಕೈಯಲ್ಲಿ ತಿರುಚಿ ಎಳೆದ, ಇಡೀ ಕಂಬಿ ಈಚೆಗೆ ಬಂತು. ಹುಡುಗಿಯರು ಚಪ್ಪಾಳೆ ತಟ್ಟಿ "ಮೇಸ್ತ್ರಿಗಳೇ, ಟೀ!" ಎಂದರು.

"ಮಿಷನ್ ಹಳೇದು ಮೇಡಂ, ಎಲ್ಲೋ ತಪ್ಪಾಗಿದೆ" ಎಂದ ಮೇಸ್ತ್ರಿ.

ಮೇಡಂ ನಗಲಿಲ್ಲ. ಒಳ್ಳೆಯ ಹೆಂಗಸು, ಎಲ್ಲರಿಗೂ ತಿಳಿಯುವಂತೆ ಹೇಳುವ ಅಭ್ಯಾಸ. "ನೋಡಿ ಮೇಸ್ತ್ರಿಗಳೇ, ಕಾಂಕ್ರೀಟು ಒತ್ತಿದ್ರೆ ತಡ್ಕೊಳ್ಳುತ್ತೆ, ಎಳೆದ್ರೆ ಸೀಳಿಹೋಗುತ್ತೆ. ಎಳೆಯೋದನ್ನ ತಡೆಯೋಕೇ ಕಂಬಿ ಹಾಕೋದು. ಆದ್ರೆ ಅವೆರಡೂ ಒಂದಕ್ಕೊಂದು ಕಚ್ಕೊಂಡಿದ್ರೆ ಮಾತ್ರ ಕೆಲಸ. ನಡುವೆ ಎಣ್ಣೆ ಇದ್ರೆ ಸಿಮೆಂಟು ಕಂಬಿಗೆ ಅಂಟೋದೇ ಇಲ್ಲ. ಅದರ ಪಾಡಿಗೆ ಅದು, ಇದರ ಪಾಡಿಗೆ ಇದು. ಪುಡಿ ಉದುರೋ ತುಕ್ಕು ಕೆಟ್ಟದ್ದು, ನಿಜ. ಆದ್ರೆ ತೆಳ್ಳಗೆ ಕಚ್ಕೊಂಡಿರೋ ತುಕ್ಕು ಹಿಡಿತಕ್ಕೆ ಒಳ್ಳೇದೇ."

"ಕೊಕ್ಕೆ ಬಗ್ಗಿಸಿದ್ರೆ?"

"ಕೊಕ್ಕೆ ಒಂದಷ್ಟು ಕಾಲ ಹಿಡಿಯುತ್ತೆ. ಎಲ್ಲಾ ಭಾರ ಅದರ ಮೇಲೇ ಬೀಳುತ್ತಲ್ಲ, ಅಲ್ಲಿ ಕಾಂಕ್ರೀಟು ನಿಧಾನವಾಗಿ ಪುಡಿಯಾಗುತ್ತೆ. ನಾಲ್ಕು ಗೋಡೆ ಮೇಲೆ ಕೂತಿರೋ ತಾರಸಿ ಹೇಗೋ ನಡೆದುಹೋಗಬಹುದು. ಬಾಲ್ಕನಿ ಥರ ಗಾಳೀಲಿ ಚಾಚಿಕೊಂಡಿದ್ರೆ ಕಷ್ಟ. ಗೋಡೆ ಹತ್ತಿರ, ಮೇಲುಗಡೆ ಬಿರುಕು ಬಿಡೋಕೆ ಶುರುವಾಗುತ್ತೆ." ಮೇಡಂ ಅವನ ಮುಖ ನೋಡಿದರು. "ಯಾಕೆ ಕೇಳಿದ್ರಿ?"

"ಸುಮ್ನೆ" ಎಂದ ಮೇಸ್ತ್ರಿ.  ತಂಗಿಯ ಬಾಲ್ಕನಿಯಲ್ಲಿ, ಗೋಡೆಗೆ ಅಂಟಿದಂತೆ, ಈ ತುದಿಯಿಂದ ಆ ತುದಿಗೆ ಒಂದು ಗೆರೆ ಇತ್ತು. ಮೂರ್ನಾಲ್ಕು ವರ್ಷದಿಂದ ತಂಗಿಯ ಗಂಡ ಪ್ರತಿ ವರ್ಷ ಅದಕ್ಕೆ ಬಿಳಿ ಸಿಮೆಂಟು ಮೆತ್ತುತ್ತಿದ್ದ.

ಅವನು ಆವತ್ತೇ ಹೋಗಿ ಹೇಳಬೇಕಿತ್ತು. ಈ ಕಥೆಯಲ್ಲಿ ಇರುವ ತಪ್ಪೆಂದರೆ ಅದೊಂದೇ, ಮಿಕ್ಕಿದ್ದೆಲ್ಲ ತಿಳಿಯದೆ ಆದದ್ದು. ಆದರೆ ಮೂವತ್ತು ವರ್ಷದ ಹೆಸರನ್ನು ಒಂದು ಮಿಷನ್ನಿನ ಮುಳ್ಳು ನೋಡಿ ಬಿಟ್ಟುಕೊಡಲು ಅವನಿಗೆ ಮನಸ್ಸಾಗಲಿಲ್ಲ. "ಇನ್ನೊಂದು ಸಲ ಮಾಡೋಣ ಮೇಡಂ, ಅಚ್ಚು ನಾನೇ ತುಂಬ್ತೀನಿ" ಎಂದು ಕೇಳಿಕೊಂಡ. ಮೇಡಂಗೂ ಅಳತೆಗಳು ಬೇಕಿದ್ದವು, ಒಪ್ಪಿದರು. ಮತ್ತೆ ಇಪ್ಪತ್ತೆಂಟು ದಿನ. ದಿನವೂ ಬೆಳಿಗ್ಗೆ ತೊಟ್ಟಿಯ ಬಳಿ ಹೋಗಿ ಬಗ್ಗಿ ನೋಡುತ್ತಿದ್ದ, ನೀರಿನೊಳಗಿನ ಕಾಂಕ್ರೀಟು ಉತ್ತರ ಕೊಡುತ್ತದೆಯೋ ಎಂಬಂತೆ.

ಹತ್ತನೆಯ ದಿನವೋ ಹನ್ನೊಂದನೆಯ ದಿನವೋ ತಂಗಿ ಫೋನ್ ಮಾಡಿದಳು. ಅತ್ತೆ ಮಾವಂದಿರ ಸೇವೆ, ಮಕ್ಕಳ ಓದು ಎಂದು ಇಪ್ಪತ್ತು ವರ್ಷ ಮುಂದೂಡಿದ್ದ ಹೊಲಿಗೆ ತರಗತಿಯನ್ನು ಕೊನೆಗೂ ಶುರು ಮಾಡುತ್ತಿದ್ದಳು. ಎಂಟು ಜನ ಹೆಂಗಸರು ಸೇರಿದ್ದರು. "ಇನ್ನೂ ಮೂರು ಮಿಷನ್ ಬಂದಿದೆ ಅಣ್ಣ. ಮೇಲೆ ಹತ್ತಿಸಬೇಕು. ಇವರಿಗೆ ಸೊಂಟ ಹಿಡ್ಕೊಂಡಿದೆ. ನೀನು ಬಂದ್ರೆ ನಾನೊಂದು ಕಡೆ ಹಿಡ್ಕೋತೀನಿ."

ಹೋದ. ಬೀಡು ಕಬ್ಬಿಣದ ಕಾಲಿನ ಹೊಲಿಗೆ ಮಿಷನ್ನುಗಳು, ಒಂದೊಂದೂ ಹೆಣಭಾರ. ಮಂಡಿ ನೋವಿನಲ್ಲಿ ಮೆಟ್ಟಿಲಿಗೊಮ್ಮೆ ನಿಲ್ಲುತ್ತ ಮೂರನ್ನೂ ಹತ್ತಿಸಿದರು. ಬಾಲ್ಕನಿಯ ಹೊಸ್ತಿಲಲ್ಲಿ ಅವನ ಕಾಲು ತಡೆಯಿತು. ಬಿಳಿ ಸಿಮೆಂಟಿನ ಗೆರೆಯ ಪಕ್ಕದಲ್ಲೇ ಹೊಸ ಗೆರೆ ಬಿಟ್ಟಿತ್ತು, ಉಗುರು ತೂರುವಷ್ಟು.

"ಇವನ್ನ ಒಳಗೆ ಇಟ್ಕೋಬಾರ್ದಾ? ಇಲ್ಲ ಅಂದ್ರೆ ಗೋಡೆ ಹತ್ರ ಇಡೋಣ" ಎಂದ.

"ಅಯ್ಯೋ, ಗೋಡೆ ಹತ್ರ ಇಟ್ರೆ ಸೂಜಿಗೆ ದಾರ ಪೋಣಿಸೋಕೂ ಕಾಣಲ್ಲ. ಬೆಳಕಿರೋದು ಅಂಚಲ್ಲಿ. ಯಾಕೆ, ಬಿದ್ದುಹೋಗುತ್ತಾ?" ತಂಗಿ ನಕ್ಕಳು. "ನೀನೇ ಕಟ್ಟಿದ್ದು ಮಾರಾಯ."

ನಾಲಿಗೆಯ ತುದಿಗೆ ಬಂದಿತ್ತು. ಇನ್ನು ಹದಿನೇಳು ದಿನ, ಎರಡನೆಯ ಸಲದ್ದು ನೋಡಿಯೇ ಹೇಳೋಣ, ಸುಮ್ಮನೆ ಯಾಕೆ ಹೆದರಿಸುವುದು ಎಂದು ತನಗೆ ತಾನೇ ಹೇಳಿಕೊಂಡ. ಮನುಷ್ಯ ತನಗೆ ಹೇಳಿಕೊಳ್ಳುವ ಸುಳ್ಳುಗಳಿಗೆ ಸಭ್ಯತೆಯ ಬಟ್ಟೆ ಬೇಗ ಸಿಗುತ್ತದೆ. ಮೂರು ಮಿಷನ್ನುಗಳನ್ನೂ ಅಂಚಿಗೆ ಸರಿಸಿ, ಅಲ್ಲಾಡದಂತೆ ಕಾಲಡಿ ರಟ್ಟು ಕೊಟ್ಟು, ಒಂದು ಲೋಟ ನೀರು ಕುಡಿದು ಇಳಿದು ಹೋದ.

ಎರಡನೆಯ ಪರೀಕ್ಷೆ ಶನಿವಾರ ನಡೆಯಿತು. ಎಣ್ಣೆಯ ಕಂಬಿ ಈ ಸಲ ಇನ್ನೂ ಮೊದಲೇ ಜಾರಿತು. ತರಗತಿ ಸೋಮವಾರದಿಂದ. ಮೇಸ್ತ್ರಿ ಮಧ್ಯಾಹ್ನವೇ ರಜೆ ಕೇಳಿ, ಆ ಕಾಂಕ್ರೀಟಿನ ತುಂಡನ್ನೂ ಕಂಬಿಯನ್ನೂ ಚೀಲದಲ್ಲಿ ಹಾಕಿಕೊಂಡು ತಂಗಿಯ ಮನೆಗೆ ಹೋದ.

ತಂಗಿಯ ಗಂಡ ಕಂಬಿಯನ್ನು ತುಂಡಿನೊಳಗೆ ತೂರಿಸಿದ, ಎಳೆದ, ಮತ್ತೆ ತೂರಿಸಿದ. "ಇದೆಲ್ಲ ಕಾಲೇಜಿನೋರ ಆಟ ಭಾವ. ಇಪ್ಪತ್ಮೂರು ವರ್ಷ ನಿಂತಿದೆ ನಮ್ಮ ಬಾಲ್ಕನಿ. ಬೀಳೋದಾಗಿದ್ರೆ ನಿಮ್ಮ ಮೇಡಂನ ಕೇಳ್ಕೊಂಡು ಬೀಳ್ತಿತ್ತಾ?"

"ಕೊಕ್ಕೆ ಹಿಡಿದು ನಿಲ್ಲಿಸಿದೆ, ಅಷ್ಟೇ. ಗೆರೆ ಅಗಲ ಆಗ್ತಾ ಇಲ್ವಾ? ವರ್ಷಾ ವರ್ಷಾ ಮೆತ್ತುತ್ತಾ ಇದ್ದೀರಲ್ಲ."

"ಈ ವಯಸ್ಸಲ್ಲಿ ನಿಮಗ್ಯಾಕೆ ಈ ಹುಚ್ಚು? ನಾಲ್ಕು ಜನರ ಮುಂದೆ ನಿಮ್ಮ ಹೆಸರು ಹೇಳ್ಕೊಂಡು ತಿರುಗ್ತೀನಿ ನಾನು. ಈಗ ಒಡೆಸಿದೆ ಅಂದ್ರೆ ಏನಂತಾರೆ?"

ತಂಗಿ ಎದ್ದು ಬಾಲ್ಕನಿಯ ಬಾಗಿಲನ್ನು ಮುಚ್ಚಿ ಚಿಲಕ ಹಾಕಿದಳು. "ಒಡೆಸಿ" ಎಂದಳು ಗಂಡನಿಗೆ. "ಅಣ್ಣ ಹೇಳಿದ ಮೇಲೆ ಮುಗೀತು. ಅವನು ತನ್ನ ಕೆಲಸ ಸರಿಯಿಲ್ಲ ಅಂತ ತಾನೇ ಬಂದು ಹೇಳ್ಬೇಕಾದ್ರೆ ಎಷ್ಟು ಸಂಕಟ ಪಟ್ಟಿರಬೇಕು." ಆ ಮಾತನ್ನು ಕೇಳಿ ಮೇಸ್ತ್ರಿ ಕಣ್ಣೊರೆಸಿಕೊಂಡ. ನಾಚಿಕೆಯಿಂದಲೋ ಸಮಾಧಾನದಿಂದಲೋ ಅವನಿಗೇ ಗೊತ್ತಾಗಲಿಲ್ಲ.

ಮಾರನೆಯ ದಿನವೇ ಕೆಳಗಿನಿಂದ ಕಬ್ಬಿಣದ ಜಾಕಿಗಳನ್ನು ಕೊಟ್ಟು ಬಾಲ್ಕನಿಗೆ ಆಸರೆ ಮಾಡಿದರು. ಆಮೇಲೆ ಮಿಷನ್ನುಗಳನ್ನು ಹಿಂದಿನ ಕತ್ತಲೆ ಕೋಣೆಗೆ ಸಾಗಿಸಿದರು. ಮೇಡಂ ತಾವೇ ಬಂದು ನೋಡಿ, ತಾರಸಿಗೆ ಸದ್ಯ ಭಯವಿಲ್ಲ, ಬಾಲ್ಕನಿ ತೆಗೆಯುವುದೇ ಸರಿ ಎಂದರು. ಒಡೆಯಲು ಇಬ್ಬರು ಆಳುಗಳು ಬಂದರು. ಎರಡನೆಯ ದಿನ ಅಂಚಿನ ಒಂದು ದೊಡ್ಡ ಹೆಂಟೆ ಬಿಟ್ಟುಕೊಂಡಿತು. ಅದರಿಂದ ಹೊರಗೆ ಚಾಚಿದ್ದ ಕಂಬಿಯ ಕೊಕ್ಕೆಯ ಸುತ್ತ ಕಾಂಕ್ರೀಟು ಪುಡಿಪುಡಿಯಾಗಿತ್ತು. ಆಳು ಕೊಕ್ಕೆ ಹಿಡಿದು ಎಳೆದ. ಎರಡಡಿ ಕಂಬಿ ಸಲೀಸಾಗಿ ಜಾರಿಕೊಂಡು ಈಚೆಗೆ ಬಂತು. ಅದು ಹೊಳೆಯುತ್ತಿತ್ತು.

ಕೆಳಗೆ ನಿಂತಿದ್ದ ಅಕ್ಕಪಕ್ಕದವರು ಬಾಯಿ ಬಿಟ್ಟುಕೊಂಡು ನೋಡಿದರು. "ನಿನ್ನೆ ಅಂಗಡಿಯಿಂದ ತಂದ ಹಾಗಿದೆ! ಒಂದು ಚುಕ್ಕೆ ತುಕ್ಕಿಲ್ಲ. ಈಗಿನೋರು ಮಾಡ್ತಾರಾ ಇಂಥ ಕೆಲಸ?"

ತಂಗಿಯ ಗಂಡನಿಗೆ ರೋಷ ಉಕ್ಕಿತು. "ಕೇಳಿಸ್ತಾ ಭಾವ? ಬೀದಿಯೋರಿಗೆ ಗೊತ್ತಾಗೋದು ನಿಮಗೆ ಗೊತ್ತಾಗಲಿಲ್ಲ. ಕಲ್ಲುಗುಂಡಿನಂಥ ಬಾಲ್ಕನಿ ಒಡೆಸಿಬಿಟ್ರಿ" ಎಂದು ಒಳಗೆ ಹೋದ. ಮೇಸ್ತ್ರಿ ಬದುಕಿಡೀ ಯಾವ ಹೊಗಳಿಕೆಗಾಗಿ ಒರೆಸಿದ್ದನೋ ಅದೇ ಹೊಗಳಿಕೆ ಬೀದಿಯಿಂದ ಮೇಲೆ ಬರುತ್ತಿತ್ತು. 

ಕಂಬಿ ಇದ್ದ ತೂತಿನೊಳಗೆ ಬೆರಳು ತೂರಿಸಿದ. ಗಾಜಿನಷ್ಟು ನುಣುಪು. ಬೆರಳು ಕಪ್ಪಗೆ ಈಚೆಗೆ ಬಂತು. ತಂಗಿ ಪಕ್ಕದಲ್ಲಿ ಬಂದು ನಿಂತು, ತಾನೂ ಬೆರಳು ತೂರಿಸಿ ನೋಡಿದಳು.

"ನೀನು ಹೇಳಿದ್ದು ನಿಜ ಅಣ್ಣ."

"ಹ್ಞೂಂ."

ಅವಳು ಬೆರಳನ್ನು ಸೆರಗಿಗೆ ಒರೆಸಿಕೊಂಡಳು. "ಲ್ಯಾಬಲ್ಲಿ ಇದನ್ನ ಮೊದಲು ನೋಡಿದ್ದು ಯಾವತ್ತು?"

ಶನಿವಾರ ಎಂದು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಮೊದಲನೆಯ ಪರೀಕ್ಷೆಯ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ, ಹೇಳುವವರೂ ಇರಲಿಲ್ಲ. ಮೇಸ್ತ್ರಿ ಅವಳಿಗೆ ಹಿಂದೆಂದೂ ಸುಳ್ಳು ಹೇಳಿದವನಲ್ಲ.

"ಹೋದ ತಿಂಗಳು" ಎಂದ. "ಒಂದು ಸಲ ನೋಡಿದ್ದೆ. ನಂಬಿಕೆ ಬರಲಿಲ್ಲ. ಇನ್ನೊಂದು ಸಲ ಮಾಡಿ ನೋಡೋಣ ಅಂತ..."

"ಮಿಷನ್ ಹತ್ತಿಸೋಕೆ ಬಂದೆಯಲ್ಲ, ಅದಕ್ಕಿಂತ ಮುಂಚೆನಾ?"

ಮೇಸ್ತ್ರಿ ಹೌದೆಂದು ತಲೆಯಾಡಿಸಿದ.

"ಕಂಬಿಗೆ ಎಣ್ಣೆ ಹಾಕಿದ್ದು ನಿನಗೆ ಗೊತ್ತಿಲ್ಲದೆ ಮಾಡಿದ್ದು. ನಾನೂ ಕೂತು ಒರೆಸಿದ್ದೆ. ಅದಕ್ಕೆ ನಿನ್ನನ್ನ ಒಂದು ಮಾತೂ ಅನ್ನಲ್ಲ." ಅವಳ ದನಿ ಏರಲಿಲ್ಲ. "ಆದ್ರೆ ಆವತ್ತು ನಿನಗೆ ಗೊತ್ತಿತ್ತು. ಗೊತ್ತಿದ್ದೂ ನೀನೇ ಎತ್ಕೊಂಡು ಬಂದು ನನ್ನ ಮುಂದೆ ಇಟ್ಟೆ. ಅದಾದ ಮೇಲೆ ಎರಡು ವಾರ ದಿನಾ ನಾನು ಅಲ್ಲೇ ಕೂತು ಸ್ಕೂಲ್ ಯೂನಿಫಾರ್ಮ್ ಹೊಲಿದಿದ್ದೀನಿ. ನಿನ್ನ ಹೆಸರು ಉಳಿಯುತ್ತಾ ಹೋಗುತ್ತಾ ಅಂತ ನೀನು ನೋಡ್ತಾ ಇದ್ದೆ."

ಅವನು ಏನೋ ಹೇಳಲು ಹೋದ. ಅವಳು ಆಗಲೇ ಒಳಗೆ ನಡೆದಿದ್ದಳು.

ಜಗಳವೇನೂ ಆಗಲಿಲ್ಲ. ಜಗಳವಾಗಿದ್ದರೆ ರಾಜಿಯಾಗುವ ದಾರಿಯಾದರೂ ಇರುತ್ತಿತ್ತು. ಅವನು ಈಗಲೂ ತಿಂಗಳಿಗೊಮ್ಮೆ ಹೋಗುತ್ತಾನೆ; ಅವಳು ಬಾ ಎನ್ನುತ್ತಾಳೆ, ಟೀ ಕೊಡುತ್ತಾಳೆ, ಮಂಡಿ ಹೇಗಿದೆ ಎಂದು ಕೇಳುತ್ತಾಳೆ. ಹಿಂದಿನ ಕೋಣೆಯಲ್ಲಿ ಹಗಲೂ ಟ್ಯೂಬ್‌ಲೈಟ್ ಹಾಕಿಕೊಂಡು ತರಗತಿ ನಡೆಯುತ್ತದೆ. ಎಂಟು ಹೆಂಗಸರಲ್ಲಿ ಐವರು ಉಳಿದಿದ್ದಾರೆ. ಬಾಲ್ಕನಿಯ ಬಾಗಿಲಿಗೆ ಅಡ್ಡಲಾಗಿ ಇಟ್ಟಿಗೆ ಕಟ್ಟಿದ್ದಾರೆ. ಭಾನುವಾರಗಳಂದು ಅವನು ನೆನಪಿದ್ದಷ್ಟು ಮನೆಗಳ ಗೇಟು ತಟ್ಟುತ್ತಾನೆ. ಒಂದೇ ಒಂದು ದಿನವನ್ನೂ ತಡ ಮಾಡಬಾರದು ಎನ್ನುವ ಅವಸರ ಈಗ ಅವನಿಗಿದೆ, ಯಾರಿಗೂ ಬೇಡವಾದ ಅವಸರ.

ಕಳೆದ ಸಲ ಹೋದಾಗ ಅವರ ಮೆಟ್ಟಿಲಿನ ಒಂದು ಮೂಲೆ ಉದುರಿತ್ತು. ಆ ಮೆಟ್ಟಿಲಿನ ಕಂಬಿಯೂ ಇವನದೇ. ತಂಗಿ ಬೇರೊಬ್ಬ ಮೇಸ್ತ್ರಿಯನ್ನು ಕರೆಸಿದ್ದಳು. ಮೂವತ್ತು ದಾಟಿರದ ಹೊಸಬ. ಅವನು ಸುತ್ತಿಗೆಯಿಂದ ಅಲ್ಲಲ್ಲಿ ಬಡಿದು ನೋಡುತ್ತಿದ್ದ. ಪಳಪಳ ಮೇಸ್ತ್ರಿ ಮೂರು ಹೆಜ್ಜೆ ದೂರದಲ್ಲಿ, ಟೀ ಲೋಟ ಹಿಡಿದು ಕುರ್ಚಿಯಲ್ಲಿ ಕೂತಿದ್ದ. ತಂಗಿ ಅವನ ಮುಂದೆಯೇ ಹಾದುಹೋಗಿ ಆ ಹೊಸಬನನ್ನು ಕೇಳಿದಳು:

"ಇದು ಗಟ್ಟಿ ಇದೆಯೇನಪ್ಪಾ? ಇದ್ದದ್ದನ್ನ ಈಗಲೇ ಹೇಳಿಬಿಡು."